ಹಿಂದೆ ಕುಳಿತವರ ಮೈಗೆ ತಿಳಿಯದಂತೆ ಗೇರು ಬದಲಿಸಿರಿ

(ಯುವಕ ರೈತ ಸಂಘದ ತಿಂಗಳ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಪ್ರತಿ ತಿಂಗಳೂ ಈ ಸಭೆಯಲ್ಲಿ ನಾನು ಬೀಜೋಪಚಾರದ ವಿಷಯವನ್ನೋ ಕಾಂಪೋಸ್ಟ್ ಗುಂಡಿಯ ವಿಷಯವನ್ನೋ ಹೇಳುವುದು ವಾಡಿಕೆ. ಈ ಸಲ ಮೋಟಾರ್ ಸೈಕಲ್ಲಿನ ಕ್ಲಚ್ಚನ್ನು ಕುರಿತು ಮಾತನಾಡುತ್ತೇನೆಂದಾಗ ಕೆಲವರು ನಕ್ಕರು. ಕೃಷಿ ಡಿಪ್ಲೊಮಾ ಓದಿದವನಿಗೆ ಇದೇಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಶಾಲೆಯ ಗೋಡೆಯ ನೆರಳಿನಲ್ಲಿ ನಿಂತಿದೆ. ಒಳಗೆ ಬರುವಾಗ ಎಣಿಸಿದೆ. ಮೋಟಾರ್ ಸೈಕಲ್ಲುಗಳು 23, ಸ್ಕೂಟರುಗಳು 6. ಎತ್ತಿನ ಗಾಡಿ ಒಂದೂ ಇಲ್ಲ.

1952ನೆಯ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ಕಾಲದಲ್ಲಿ ರೈತನ ಬದುಕು ಎತ್ತಿನ ಮೇಲೆ ನಡೆಯುತ್ತಿತ್ತು. ಎತ್ತಿಗೆ ಹೆಗಲು ಹುಣ್ಣಾಗದಂತೆ ನೊಗ ಹೂಡುವುದು ಹೇಗೆ ಎಂಬುದನ್ನು ಮನೆಯ ಹಿರಿಯರೇ ಹುಡುಗರಿಗೆ ಕಲಿಸುತ್ತಿದ್ದರು. ಈಗ ನಾವು ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಹೂವಿನ ಬುಟ್ಟಿ ಎಲ್ಲವನ್ನೂ ಮೋಟಾರ್ ಸೈಕಲ್ಲಿನ ಮೇಲೆ ಸಾಗಿಸುತ್ತೇವೆ. ಮನೆಯ ಹೆಂಗಸರನ್ನೂ ಮುದುಕರನ್ನೂ ಅದರ ಮೇಲೆಯೇ ಕೂರಿಸಿಕೊಂಡು ಬೆಂಗಳೂರಿಗೆ ಹೋಗುತ್ತೇವೆ. ಆದರೆ ಅದನ್ನು ಹೂಡುವ ಕ್ರಮವನ್ನು ನಮಗೆ ಯಾರೂ ಕಲಿಸಲಿಲ್ಲ. ಗೆಳೆಯನೊಬ್ಬ ಒಂದು ಮಧ್ಯಾಹ್ನ ತೋರಿಸಿದ, ನಾವು ಓಡಿಸಿದೆವು, ಅಷ್ಟೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಇನ್ನು ಮೂರು ವಾರವಿದೆ. ನಮ್ಮ ಬ್ಲಾಕಿನಿಂದ ಅನೇಕರು ಹೊರಡುವರು, ಹಿಂದಿನ ಸೀಟಿನಲ್ಲಿ ಹೆಂಡತಿಯನ್ನೋ ತಾಯಿಯನ್ನೋ ಕೂರಿಸಿಕೊಂಡು. ಆದುದರಿಂದ ಈ ಮಾತು ಈಗಲೇ ಆಡುವುದು ಒಳ್ಳೆಯದೆಂದು ತೋರಿತು.

ನನ್ನ ತಪ್ಪು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ನಮ್ಮವ್ವನಿಗೆ ಚಾಮರಾಜಪೇಟೆಯ ಪಕ್ಕದ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ಹತ್ತು ದಿನ ಬಿಟ್ಟು ಮತ್ತೆ ತೋರಿಸಲು ಬರಹೇಳಿದ್ದರು. ಬಸ್ಸಿಗೆ ಕಾಯುವುದೇಕೆಂದು ನಾನೇ ಗಾಡಿಯಲ್ಲಿ ಕರೆದುಕೊಂಡು ಹೋದೆ. ವೈದ್ಯರು ನೋಡಿ, ಎಲ್ಲ ಸರಿಯಾಗಿದೆ ಎಂದರು. ಹಿಂದಿರುಗುವಾಗ ಅವ್ವ, ಇಷ್ಟು ದೂರ ಬಂದಿದ್ದೇವೆ, ಬಸವನಿಗೆ ಕೈಮುಗಿದು ಹೋಗೋಣ ಎಂದಳು. ಚಾಮರಾಜಪೇಟೆಯಿಂದ ರಾಮಕೃಷ್ಣಾಶ್ರಮದ ಬಳಿಗೆ ಬಂದು ಬುಲ್ ಟೆಂಪಲ್ ರಸ್ತೆ ಹಿಡಿದೆ.

ಅಲ್ಲಿಂದ ಗುಡಿಯ ಕಡೆಗೆ ರಸ್ತೆ ಏರುತ್ತದೆ. ಕಡಿದಾದ ಏರೇನಲ್ಲ, ನಡೆಯುವವರಿಗೆ ತಿಳಿಯುವುದೂ ಇಲ್ಲ. ಆದರೆ ಮುಂದಿನ ಬಸ್ಸು ನಿಂತಿತು, ನಾನೂ ನಿಂತೆ. ಗಾಡಿ ಸ್ವಲ್ಪ ಹಿಂದಕ್ಕೆ ಜಾರಿತು. ಹಿಂದೆ ನಿಂತಿದ್ದ ಆಟೋದವನು ಹಾರನ್ ಒತ್ತಿದ. ನಾನು ಗಾಬರಿಯಾಗಿ ಆಕ್ಸಿಲರೇಟರನ್ನು ತಿರುಗಿಸಿ ಕ್ಲಚ್ಚನ್ನು ಒಮ್ಮೆಗೇ ಬಿಟ್ಟೆ. ಗಾಡಿ ನೆಗೆದು ಮುಂದೆ ಹೋಯಿತು. ಅವ್ವ ಇದ್ದಲ್ಲೇ ಉಳಿದಳು.

ಒಂದೇ ಕಡೆಗೆ ಕಾಲು ಹಾಕಿ ಕುಳಿತಿದ್ದಳು, ಮಡಿಲಲ್ಲಿ ಔಷಧಿಯ ಚೀಲ, ಒಂದು ಕೈ ಕಣ್ಣಿನ ಪಟ್ಟಿಯ ಮೇಲೆ. ಹಿಡಿದುಕೊಳ್ಳಲು ಸಮಯವೇ ಇರಲಿಲ್ಲ. ಬೆನ್ನಡಿಯಾಗಿ ಬಿದ್ದಳು. ತಲೆಯಲ್ಲಿ ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಆಟೋದವನು ಬ್ರೇಕು ಹಾಕಿದ್ದರಿಂದ ಪ್ರಾಣ ಉಳಿಯಿತು. ಮೊಣಕೈ ತರಚಿ ರಕ್ತ ಬಂತು. ಮತ್ತೆ ಆಸ್ಪತ್ರೆಗೆ ಓಡಿದೆವು. ಕಣ್ಣಿಗೆ ಏನೂ ಆಗಿಲ್ಲ ಎಂದು ವೈದ್ಯರು ಹೇಳುವವರೆಗೆ ನನ್ನ ಕೈಕಾಲು ನಡುಗುತ್ತಲೇ ಇದ್ದವು.

ಅವ್ವ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಆದರೆ ಮುಂದಿನ ತಿಂಗಳು ತೋರಿಸಲು ಹೋಗಬೇಕಾದಾಗ, "ನೀ ಮುಂದೆ ಹೋಗಪ್ಪ, ನಾ ಬಸ್ಸಲ್ಲಿ ಬತ್ತೀನಿ" ಎಂದಳು. ಬಯ್ದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಆಗ ನನಗೆ ಲೈಸೆನ್ಸು ಬಂದು ನಾಲ್ಕು ವರ್ಷವಾಗಿತ್ತು. ಎಂಟರ ಆಕಾರದಲ್ಲಿ ಓಡಿಸಿ ತೋರಿಸಿ ಪರೀಕ್ಷೆ ಪಾಸಾದವನು ನಾನು. ಓಡಿಸಲು ಬರುತ್ತದೆ ಎಂದೇ ತಿಳಿದಿದ್ದೆ.

ಕ್ಲಚ್ಚು ಎಂದರೇನು?

ಚಾಮರಾಜಪೇಟೆಯಲ್ಲಿ ನಮ್ಮ ಸೋದರಮಾವ ಇದ್ದಾರೆ. ಅವರ ಬಳಿ ಹಳೆಯ ಯೆಜ್ಡಿ ಗಾಡಿಯಿದೆ. ವಿಷಯ ತಿಳಿದು ನನ್ನನ್ನು ಭಾನುವಾರ ಬೆಳಗಿನ ಜಾವ ಬರಹೇಳಿದರು. "ಅಳಿಯ, ಗಾಡಿ ಓಡಿಸೋದು ಆಮೇಲೆ. ಮೊದಲು ಕ್ಲಚ್ಚು ಅಂದರೇನು ಹೇಳು" ಎಂದರು. "ಗೇರು ಹಾಕುವಾಗ ಒತ್ತುವುದು" ಎಂದೆ. "ಅದಕ್ಕೇ ಅಕ್ಕನ್ನ ಬೀಳಿಸಿದೆ" ಎಂದರು.

ಅವರು ಹೇಳಿದುದನ್ನು ನಿಮಗೆ ನಮ್ಮ ಹೊಲದ ಮಾತಿನಲ್ಲಿ ಹೇಳುತ್ತೇನೆ.

ಎತ್ತು ನಿಂತ ಜಾಗದಿಂದಲೇ ಎಳೆಯಬಲ್ಲದು. ಎಂಜಿನ್ನಿಗೆ ಆ ಶಕ್ತಿಯಿಲ್ಲ. ಅದು ತಿರುಗುತ್ತಿದ್ದರೆ ಮಾತ್ರ ಬಲ. ಗಾಡಿ ನಿಂತಿರುವಾಗಲೂ ಎಂಜಿನ್ನು ನಿಮಿಷಕ್ಕೆ ಸುಮಾರು 1,000ದಿಂದ 1,500 ಸುತ್ತು ಸುತ್ತುತ್ತಿರುತ್ತದೆ. ಚಕ್ರವೋ ಸುಮ್ಮನೆ ನಿಂತಿರುತ್ತದೆ. ಸುತ್ತುವುದನ್ನೂ ನಿಂತಿರುವುದನ್ನೂ ಒಮ್ಮೆಗೇ ಜೋಡಿಸಿದರೆ ಎರಡರಲ್ಲಿ ಒಂದು ಆಗಬೇಕು. ಎಂಜಿನ್ನು ಸೋತು ಆರಿಹೋಗಬೇಕು, ಇಲ್ಲವೆ ಗಾಡಿ ನೆಗೆಯಬೇಕು. ಇವೆರಡೂ ಆಗದಂತೆ ನಡುವೆ ನಿಂತು ರಾಜಿ ಮಾಡಿಸುವುದೇ ಕ್ಲಚ್ಚಿನ ಕೆಲಸ.

ಎಂಜಿನ್ನಿನ ಪಕ್ಕದ ಡಬ್ಬಿಯೊಳಗೆ ಬಳೆಯಾಕಾರದ ತೆಳು ಬಿಲ್ಲೆಗಳು ಒಂದರ ಮೇಲೊಂದು ಜೋಡಿಸಿರುತ್ತವೆ. ಒಂದು ಬಿಟ್ಟು ಒಂದು ಬಿಲ್ಲೆ ಎಂಜಿನ್ನಿನ ಜೊತೆ ತಿರುಗುತ್ತದೆ. ಅವುಗಳ ನಡುವಿನ ಉಕ್ಕಿನ ಬಿಲ್ಲೆಗಳು ಗೇರುಪೆಟ್ಟಿಗೆಯ ಮೂಲಕ ಚಕ್ರಕ್ಕೆ ಸೇರಿವೆ. ಸ್ಪ್ರಿಂಗುಗಳು ಇವೆಲ್ಲವನ್ನೂ ಒತ್ತಿ ಹಿಡಿದಿರುತ್ತವೆ. ನೀವು ಎಡಗೈಯ ಲಿವರನ್ನು ಎಳೆದಾಗ ಸ್ಪ್ರಿಂಗಿನ ಒತ್ತಡ ಸಡಿಲವಾಗಿ ಬಿಲ್ಲೆಗಳು ಬೇರೆಯಾಗುತ್ತವೆ. ಬಿಟ್ಟಾಗ ಮತ್ತೆ ಕೂಡುತ್ತವೆ. ಕೂಡುವಾಗ ಸ್ವಲ್ಪ ಹೊತ್ತು ಒಂದರ ಮೇಲೊಂದು ಜಾರುತ್ತ, ಜಾರುತ್ತ, ಕೊನೆಗೆ ಕಚ್ಚಿಕೊಳ್ಳುತ್ತವೆ. ಆ ಜಾರುವ ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲ ಜಾಣತನವೂ ಇದೆ.

ತುಂಬಿದ ಗಾಡಿಯನ್ನು ಹೊರಡಿಸುವ ಒಳ್ಳೆಯ ಗಾಡಿಯವನನ್ನು ನೆನಪು ಮಾಡಿಕೊಳ್ಳಿ. ಅವನು ಮೊದಲೇ ಬಾರುಕೋಲು ಬೀಸುವುದಿಲ್ಲ. ಬಾಯಿಂದ ಸದ್ದು ಮಾಡುತ್ತಾನೆ. ಎತ್ತುಗಳು ನೊಗಕ್ಕೆ ಹೆಗಲು ಕೊಡುತ್ತವೆ, ಮೂಕಿ ಕಿರುಗುಟ್ಟುತ್ತದೆ, ಭಾರವನ್ನು ಹೊತ್ತಾದ ಮೇಲೆ ಚಕ್ರ ಉರುಳುತ್ತದೆ. ಭಾರ ಹೊರುವುದು ಮೊದಲು, ನಡೆಯುವುದು ಆಮೇಲೆ. ಮೋಟಾರ್ ಸೈಕಲ್ಲಿಗೂ ಇದೇ ನ್ಯಾಯ.

ಗಾಡಿ ಹೊರಡಿಸುವ ಕ್ರಮ

ಲಿವರಿನ ಓಡಾಟವನ್ನು ಮೂರು ಪಾಲು ಮಾಡಿಕೊಳ್ಳಿ. ಪೂರ್ತಿ ಎಳೆದಲ್ಲಿಂದ ಬಿಡುತ್ತ ಬಂದರೆ ಮೊದಲ ಪಾಲಿನಲ್ಲಿ ಏನೂ ಆಗುವುದಿಲ್ಲ. ನಡುವಿನ ಪಾಲಿನಲ್ಲಿ ಬಿಲ್ಲೆಗಳು ಹಿಡಿಯತೊಡಗುತ್ತವೆ. ಕೊನೆಯ ಪಾಲಿನಲ್ಲಿ ಹಿಡಿತ ಪೂರ್ತಿಯಾಗಿರುತ್ತದೆ. ಆದುದರಿಂದ ಮೊದಲ ಪಾಲನ್ನು ಬೇಗ ಬಿಡಬಹುದು. ನಡುವಿನದನ್ನು ನಿಧಾನವಾಗಿ ಬಿಡಬೇಕು. ಎಲ್ಲ ಕಡೆಯೂ ನಿಧಾನ ಬೇಕಾಗಿಲ್ಲ. ಎಲ್ಲ ಕಡೆಯೂ ಅವಸರ ಮಾಡುವವನು ಮಾತ್ರ ಕೆಡುತ್ತಾನೆ.

ಹಿಡಿತ ಶುರುವಾಯಿತು ಎಂದು ತಿಳಿಯುವುದು ಹೇಗೆ? ಎಂಜಿನ್ನಿನ ಸದ್ದು ಸ್ವಲ್ಪ ತಗ್ಗುತ್ತದೆ. ಗಾಡಿ ಮುಂದಕ್ಕೆ ಸರಿಯಬಯಸುತ್ತದೆ. ಇವೆರಡೂ ತಿಳಿದ ಕೂಡಲೆ ಬೆರಳನ್ನು ಅಲ್ಲಿಯೇ ನಿಲ್ಲಿಸಿ. ಬಿಡಬೇಡಿ, ಎಳೆಯಲೂ ಬೇಡಿ. ಗಾಡಿ ಒಂದೆರಡು ಮಾರು ಸಾಗಲಿ. ಚಕ್ರಕ್ಕೂ ಎಂಜಿನ್ನಿಗೂ ಹೊಂದಿಕೆಯಾದ ಮೇಲೆ ಪೂರ್ತಿ ಬಿಡಿ. ತಪ್ಪುವುದು ಇಲ್ಲಿಯೇ. ಗಾಡಿ ಅಲುಗಿತು ಎಂದೊಡನೆ ಕೈ ತಾನಾಗಿ ಬಿಟ್ಟುಬಿಡುತ್ತದೆ. ಆ ಒಂದೆರಡು ಮಾರಿನ ತಾಳ್ಮೆಯನ್ನು ಬೆರಳಿಗೆ ಕಲಿಸಬೇಕು.

ಮಾವ ನನಗೆ ಮಾಡಿಸಿದ ಮೊದಲ ಅಭ್ಯಾಸ ಇದು. ಸಮನಾದ ಖಾಲಿ ಬೀದಿ. ಮೊದಲನೆ ಗೇರು. ಬಲಗೈ ಆಕ್ಸಿಲರೇಟರನ್ನು ಮುಟ್ಟಲೇಕೂಡದು. ಬರಿಯ ಕ್ಲಚ್ಚಿನಿಂದಲೇ ಗಾಡಿಯನ್ನು ನಡಿಗೆಯ ವೇಗದಲ್ಲಿ ಸರಿಸಿ, ಮತ್ತೆ ಎಳೆದು ನಿಲ್ಲಿಸಬೇಕು. ಮೊದಲು ಐದಾರು ಸಲ ಎಂಜಿನ್ನು ಆರಿತು. ಇಪ್ಪತ್ತನೆಯ ಸಲದ ಹೊತ್ತಿಗೆ ಹಿಡಿತದ ಜಾಗ ಬೆರಳಿಗೆ ಸಿಕ್ಕಿತು. ಕತ್ತಲೆಯಲ್ಲಿಯೂ ಮನೆಯ ಬಾಗಿಲ ಚಿಲಕ ಕೈಗೆ ಸಿಗುವುದಿಲ್ಲವೆ, ಹಾಗೆ. ಪ್ರತಿ ಗಾಡಿಯಲ್ಲೂ ಈ ಜಾಗ ಬೇರೆ. ಬೇರೆಯವರ ಗಾಡಿ ತೆಗೆದುಕೊಂಡಾಗ ರಸ್ತೆಗೆ ಇಳಿಯುವ ಮೊದಲು ಅದನ್ನು ಹುಡುಕಿಕೊಳ್ಳಿ.

ಗೇರು ಏರಿಸುವುದು, ಇಳಿಸುವುದು

ದೊಡ್ಡ ಕಲ್ಲನ್ನು ಹಾರೆಯಿಂದ ಮೀಟುವಾಗ ನಮ್ಮ ಕೈ ಮೊಳದುದ್ದ ಇಳಿಯುತ್ತದೆ, ಕಲ್ಲು ಬೆರಳಷ್ಟು ಏಳುತ್ತದೆ. ಓಟ ಕಡಿಮೆ, ಬಲ ಹೆಚ್ಚು. ಮೊದಲನೆ ಗೇರು ಹಾಗೆಯೇ. ಎಂಜಿನ್ನು ಬಹಳ ಸುತ್ತುತ್ತದೆ, ಚಕ್ರ ಕಡಿಮೆ ಸುತ್ತುತ್ತದೆ. ಮೇಲಿನ ಗೇರಿಗೆ ಹೋದಂತೆ ಬಲ ಕಡಿಮೆಯಾಗಿ ಓಟ ಹೆಚ್ಚುತ್ತದೆ.

ಇದರಿಂದ ಒಂದು ಲೆಕ್ಕ ಹುಟ್ಟುತ್ತದೆ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಮೂರನೆ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 4,000 ಸುತ್ತು ಸುತ್ತುತ್ತಿದೆ ಎಂದಿಟ್ಟುಕೊಳ್ಳಿ. ಅದೇ ವೇಗಕ್ಕೆ ನಾಲ್ಕನೆ ಗೇರಿನಲ್ಲಿ 3,200 ಸುತ್ತು ಸಾಕಾಗಬಹುದು. ಎರಡನೆ ಗೇರಿನಲ್ಲಿ 5,500ಕ್ಕೂ ಹೆಚ್ಚು ಬೇಕಾಗಬಹುದು. ಅಂದರೆ ಗೇರು ಏರಿಸುವಾಗ ಎಂಜಿನ್ನು ತಗ್ಗಬೇಕು, ಇಳಿಸುವಾಗ ಏರಬೇಕು. ಈ ವ್ಯತ್ಯಾಸವನ್ನು ನಾವು ಸರಿಪಡಿಸದೆ ಕ್ಲಚ್ಚನ್ನು ಬಿಟ್ಟರೆ, ಕ್ಲಚ್ಚೇ ಎಳೆದಾಡಿ ಸರಿಪಡಿಸುತ್ತದೆ. ಆ ಎಳೆದಾಟವೇ ಹಿಂದೆ ಕುಳಿತವರಿಗೆ ತಗಲುವ ಧಕ್ಕೆ.

ಏರಿಸುವ ಕ್ರಮ: ಆಕ್ಸಿಲರೇಟರನ್ನು ಮುಚ್ಚಿ, ಅದೇ ಕ್ಷಣ ಕ್ಲಚ್ಚು ಎಳೆಯಿರಿ. ಗೇರು ಹಾಕಿ. ಕ್ಲಚ್ಚು ಬಿಡುತ್ತ ಆಕ್ಸಿಲರೇಟರನ್ನು ಮತ್ತೆ ತೆರೆಯಿರಿ. ಆಕ್ಸಿಲರೇಟರು ತೆರೆದೇ ಇದ್ದು ಕ್ಲಚ್ಚು ಎಳೆದರೆ ಎಂಜಿನ್ನು ಭೋರೆಂದು ಕೂಗುತ್ತದೆ. ಬಹಳ ಹೊತ್ತು ಮುಚ್ಚಿಟ್ಟರೆ ಗಾಡಿ ಮುಗ್ಗರಿಸಿದಂತಾಗುತ್ತದೆ. ಎರಡು ಕೈಗಳೂ ರಾಗಿ ಕಲ್ಲು ಬೀಸುವ ಇಬ್ಬರು ಹೆಂಗಸರಂತೆ ಹೊಂದಿಕೊಂಡು ನಡೆಯಬೇಕು. ಗೇರಿನ ಪಟ್ಟಿಯನ್ನು ಕಾಲಿನಿಂದ ಒದೆಯಬೇಡಿ. ಕೊನೆಯವರೆಗೂ ಒತ್ತಿ, ಸೇರಿದುದು ತಿಳಿದ ಮೇಲೆ ಕಾಲು ತೆಗೆಯಿರಿ. ಅರ್ಧಕ್ಕೇ ಬಿಟ್ಟರೆ ಗೇರು ಸೇರದೆ ಗಾಡಿ ನಡುರಸ್ತೆಯಲ್ಲಿ ಬಲವಿಲ್ಲದೆ ನಿಲ್ಲುತ್ತದೆ.

ಇಳಿಸುವ ಕ್ರಮ: ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ, ಅನಂತರ ಒಂದೊಂದೇ ಗೇರು ಇಳಿಸಿ. ಕ್ಲಚ್ಚು ಎಳೆದಿರುವಾಗ ಆಕ್ಸಿಲರೇಟರನ್ನು ಒಂದು ಎಳೆಯಷ್ಟು ತಿರುಗಿಸಿದರೆ ಎಂಜಿನ್ನು ಬೇಕಾದಷ್ಟು ಏರುತ್ತದೆ, ಕ್ಲಚ್ಚು ಬಿಟ್ಟಾಗ ಜಗ್ಗುವುದಿಲ್ಲ. ಇದು ಕೈಗೆ ಬರುವವರೆಗೆ ಕ್ಲಚ್ಚನ್ನು ನಿಧಾನವಾಗಿ ಬಿಡುವುದಾದರೂ ಸಾಕು. ವೇಗವಾಗಿ ಹೋಗುತ್ತ ನಾಲ್ಕರಿಂದ ಒಮ್ಮೆಗೇ ಎರಡಕ್ಕೆ ಇಳಿಸಿ ಫಟ್ಟನೆ ಬಿಟ್ಟರೆ ಹಿಂದಿನ ಚಕ್ರ ಹಿಡಿದಂತಾಗುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಗಾಡಿ ಜಾರುವುದು ಹೀಗೆಯೇ.

ಈ ಕಷ್ಟವನ್ನು ಕಡಿಮೆ ಮಾಡಲು ತಯಾರಕರೂ ಯೋಚಿಸಿದ್ದರು. ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಮೊದಲು ಜಾವಾ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನ ಗಾಡಿಗಳು ಅಲ್ಲಿ ತಯಾರಾದವು. ಅವುಗಳಲ್ಲಿ ಕಾಲಿನ ಗೇರುಪಟ್ಟಿಯನ್ನು ಒತ್ತಿದರೆ ಕ್ಲಚ್ಚು ತಾನಾಗಿಯೇ ಸಡಿಲವಾಗುವ ಏರ್ಪಾಡಿತ್ತು. ಅದೇ ಪಟ್ಟಿಯನ್ನು ಮೇಲೆತ್ತಿದರೆ ಕಿಕ್ಕು ಹೊಡೆಯುವ ಪಟ್ಟಿಯೂ ಅದೇ ಆಗುತ್ತಿತ್ತು. ಮಾವನ ಗಾಡಿಯಲ್ಲಿ ಇದನ್ನು ಕಂಡು ಬೆರಗಾದೆ. "ಆದರೂ ನಿಂತ ಗಾಡಿ ಹೊರಡಿಸೋಕೆ ಕೈಯ ಕ್ಲಚ್ಚೇ ಬೇಕು, ಅಳಿಯ" ಎಂದರು ಮಾವ. ಇಂದಿನ ಗೇರಿಲ್ಲದ ಸ್ಕೂಟರುಗಳಲ್ಲಿ ಈ ಕೆಲಸವನ್ನೂ ಯಂತ್ರವೇ ಮಾಡಿಕೊಳ್ಳುತ್ತದೆ. ನಮ್ಮ ಮೋಟಾರ್ ಸೈಕಲ್ಲುಗಳಲ್ಲಿ ಮಾತ್ರ ಕೈಯೇ ಕಲಿಯಬೇಕು.

ಇನ್ನೊಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಗೇರುಗಳೆಲ್ಲ ಮುಂಗಾಲಿನಿಂದ ಕೆಳಕ್ಕೇ ಒತ್ತುವಂಥವು. ಕೆಲವುಗಳಲ್ಲಿ ಮೊದಲನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮದುವೆಮನೆಯ ಅವಸರದಲ್ಲಿ ನೆಂಟರ ಗಾಡಿ ಏರುವ ಮೊದಲು ಇದನ್ನು ಕೇಳಿ ತಿಳಿಯಿರಿ.

ಬಸವನಗುಡಿಯ ಏರಿನಲ್ಲಿ

ಈಗ ನಾನು ಅವ್ವನನ್ನು ಬೀಳಿಸಿದ ಜಾಗಕ್ಕೆ ಬರೋಣ. ಅಲ್ಲಿ ಏನು ಮಾಡಬೇಕಾಗಿತ್ತು?

ಏರಿನಲ್ಲಿ ನಿಂತಾಗ ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ನಾನು ಎರಡು ಕಾಲನ್ನೂ ನೆಲಕ್ಕೆ ಊರಿದ್ದೆ. ಅದೇ ಮೊದಲ ತಪ್ಪು. ಬ್ರೇಕು ಹಿಡಿದಿದ್ದರೆ ಗಾಡಿ ಹಿಂದಕ್ಕೆ ಜಾರದು, ಜಾರದಿದ್ದರೆ ಗಾಬರಿಯೂ ಇಲ್ಲ. ಮೊದಲನೆ ಗೇರು ಹಾಕಿ, ಸಮನೆಲಕ್ಕಿಂತ ಸ್ವಲ್ಪ ಹೆಚ್ಚು ಆಕ್ಸಿಲರೇಟರು ಕೊಟ್ಟು, ಕ್ಲಚ್ಚನ್ನು ಹಿಡಿತದ ಜಾಗದವರೆಗೆ ಬಿಡಿ. ಎಂಜಿನ್ನಿನ ಸದ್ದು ತಗ್ಗಿ, ಗಾಡಿ ಬ್ರೇಕಿಗೆ ವಿರುದ್ಧವಾಗಿ ಮುಂದಕ್ಕೆ ಒತ್ತುವುದು ನಿಮಗೆ ತಿಳಿಯುತ್ತದೆ. ಅಂದರೆ ಎತ್ತು ಹೆಗಲು ಕೊಟ್ಟಿದೆ. ಆಗ ಬ್ರೇಕನ್ನು ಮೆಲ್ಲಗೆ ಬಿಡಿ. ಗಾಡಿ ಹಿಂದಕ್ಕೂ ಜಾರದೆ, ಮುಂದಕ್ಕೂ ನೆಗೆಯದೆ ಹೊರಡುತ್ತದೆ. ಕ್ಲಚ್ಚು ಬಿಡುವುದು ಅದರ ನಂತರ. ಹಿಂದೆ ಯಾರು ಹಾರನ್ ಹೊಡೆದರೂ ಹೊಡೆಯಲಿ. ಈ ಕೆಲಸಕ್ಕೆ ಬೇಕಾದುದು ಎರಡು ಮೂರು ಸೆಕೆಂಡು ಮಾತ್ರ. ಅಷ್ಟು ಹೊತ್ತು ಕಾದರೆ ಆಟೋದವನಿಗೆ ಏನೂ ನಷ್ಟವಿಲ್ಲ.

ಹಿಂದೆ ಮೂಟೆಯೋ ಮನುಷ್ಯರೋ ಇದ್ದರೆ ಭಾರ ಹಿಂದಿನ ಚಕ್ರದ ಮೇಲೆ ಬಿದ್ದು ಮುಂದಿನ ಚಕ್ರ ಹಗುರವಾಗಿರುತ್ತದೆ. ಏರಿನಲ್ಲಿ ಇದು ಇನ್ನೂ ಹೆಚ್ಚು. ಒಬ್ಬರೇ ಹೋಗುವಾಗ ನಡೆಯುವ ಸಣ್ಣ ತಪ್ಪು ಇಬ್ಬರಿರುವಾಗ ದೊಡ್ಡದಾಗುತ್ತದೆ.

ಇಳಿಜಾರಿನಲ್ಲಿ ಇದಕ್ಕೆ ಬೇರೆ ಮಾತು. ಪೆಟ್ರೋಲು ಉಳಿಯುತ್ತದೆಂದು ಕ್ಲಚ್ಚು ಎಳೆದು ಗಾಡಿಯನ್ನು ಉರುಳಲು ಬಿಡುವವರಿದ್ದಾರೆ. ಹಾಗೆ ಮಾಡಕೂಡದು. ಗೇರಿನಲ್ಲಿದ್ದು ಆಕ್ಸಿಲರೇಟರು ಮುಚ್ಚಿದರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಕ್ಲಚ್ಚು ಎಳೆದರೆ ಆ ತಡೆಯೂ ಹೋಯಿತು, ಎಲ್ಲ ಭಾರವೂ ಬ್ರೇಕಿನ ಮೇಲೆ.

ಜನಜಂಗುಳಿಯಲ್ಲಿ

ಚಾಮರಾಜಪೇಟೆ ಬಡಾವಣೆಯಾದುದು 1892ರಲ್ಲಿ. ಬಸವನಗುಡಿ ಮತ್ತು ಮಲ್ಲೇಶ್ವರಗಳು ಪ್ಲೇಗು ಬಂದ 1898ರ ಸುಮಾರಿನಲ್ಲಿ ರೂಪುಗೊಂಡವು. ಗಾಡಿ, ಜಟಕಾ ಓಡಾಡುತ್ತಿದ್ದ ಕಾಲದ ಬೀದಿಗಳು. ನೇರ ರಸ್ತೆ, ಅದಕ್ಕೆ ಮೇಲಿಂದ ಮೇಲೆ ಅಡ್ಡರಸ್ತೆ. ಜನರಿಗೆ ಗಾಳಿ ಬೆಳಕು ಸಿಗಲೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಇಂದಿನ ವಾಹನಗಳ ಸಂಖ್ಯೆಗೆ ಪ್ರತಿ ಅಡ್ಡರಸ್ತೆಯೂ ಒಂದು ನಿಲ್ದಾಣವಾಗಿದೆ. ಒಂದು ಸಂಜೆ ಕೃಷ್ಣರಾಜ ಮಾರುಕಟ್ಟೆಯಿಂದ ಗಾಂಧಿ ಬಜಾರಿಗೆ ಹೋಗುವಷ್ಟರಲ್ಲಿ ಎಷ್ಟು ಸಲ ಕ್ಲಚ್ಚು ಎಳೆದೆನೆಂದು ಎಣಿಸಿದೆ. 40 ದಾಟಿದ ಮೇಲೆ ಲೆಕ್ಕ ತಪ್ಪಿತು. ನಮ್ಮ ಊರಿನ ರಸ್ತೆಯಲ್ಲಿ ಒಂದು ವಾರದ ಕೆಲಸ ಅದು.

ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಗೌರಿ ಹಬ್ಬದ ಹಿಂದಿನ ದಿನ ಹೂವು ಕೊಂಡುಹೋದವರಿಗೆ ನಾನು ಹೇಳುವುದು ಗೊತ್ತು. ಗಾಡಿ ಮನುಷ್ಯರ ನಡಿಗೆಗಿಂತ ನಿಧಾನವಾಗಿ ಸರಿಯಬೇಕು. ಇಂಥ ಕಡೆ ಮೊದಲನೆ ಗೇರಿನಲ್ಲಿಯೇ ಇದ್ದು, ಕ್ಲಚ್ಚನ್ನು ಹಿಡಿತದ ಜಾಗದಲ್ಲಿ ಆಡಿಸುತ್ತ, ಹಿಂದಿನ ಬ್ರೇಕನ್ನು ಸ್ವಲ್ಪ ಮುಟ್ಟುತ್ತ ಸಾಗಿ. ಕಣ್ಣು ಚಕ್ರದ ಮುಂದಿನ ನೆಲದ ಮೇಲಲ್ಲ, ಹತ್ತು ಮಾರು ಮುಂದೆ ಇರಲಿ. ಮುಂದಿನ ಬ್ರೇಕನ್ನು ಹ್ಯಾಂಡಲು ತಿರುಗಿರುವಾಗ ಒತ್ತಬೇಡಿ, ಗಾಡಿ ಮಲಗುತ್ತದೆ.

ಆದರೆ ಇದನ್ನೇ ಅಭ್ಯಾಸ ಮಾಡಿಕೊಂಡು ತೆರವಾದ ರಸ್ತೆಯಲ್ಲೂ ಹಾಫ್ ಕ್ಲಚ್ಚಿನಲ್ಲಿ ಹೋಗಬೇಡಿ. ಬಿಲ್ಲೆಗಳು ಜಾರುತ್ತಿದ್ದಷ್ಟೂ ಕಾಯುತ್ತವೆ, ಸವೆಯುತ್ತವೆ. ಗಾಡಿ ಓಡುವಾಗ ಬೆರಳುಗಳನ್ನು ಲಿವರಿನ ಮೇಲೆ ಭಾರ ಹಾಕಿ ಇಟ್ಟುಕೊಳ್ಳುವುದೂ ಇದೇ ತಪ್ಪು. ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾದರೆ ನ್ಯೂಟ್ರಲ್ಲಿಗೆ ತಂದು ಕೈಗೆ ವಿಶ್ರಾಂತಿ ಕೊಡಿ. ದಣಿದ ಕೈ ಕ್ಲಚ್ಚನ್ನು ಮೆಲ್ಲಗೆ ಬಿಡಲಾರದು.

ಪರಿಷೆಯ ದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಸಾಮಾನ್ಯವಾಗಿ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಗಾಡಿಯನ್ನು ದೂರದಲ್ಲಿಯೇ ನಿಲ್ಲಿಸಿ ನಡೆದುಹೋಗುವುದು ಲೇಸು.

ಗಾಡಿಯ ಆರೈಕೆ

ಕೈ ಎಷ್ಟೇ ಕಲಿತರೂ ಗಾಡಿ ಸರಿಯಿಲ್ಲದಿದ್ದರೆ ಜಗ್ಗುತ್ತದೆ. ನಾಲ್ಕು ವಿಷಯ ನೋಡಿಕೊಳ್ಳಿ.

ಒಂದು, ಕ್ಲಚ್ ವೈರು. ಲಿವರನ್ನು ಎಳೆದಾಗ ಮೊದಲು ಸ್ವಲ್ಪ ಸಡಿಲವಿರಬೇಕು. ಅನೇಕ ಸಣ್ಣ ಗಾಡಿಗಳಲ್ಲಿ ಲಿವರಿನ ತುದಿಯಲ್ಲಿ ಇದು 10ರಿಂದ 20 ಮಿಲಿಮೀಟರು. ನಿಮ್ಮ ಗಾಡಿಯದು ಎಷ್ಟೆಂದು ಅದರ ಪುಸ್ತಕದಲ್ಲಿದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ಚು ಪೂರ್ತಿ ಹಿಡಿಯದೆ ಸವೆಯುತ್ತದೆ. ಹೆಚ್ಚಾಗಿದ್ದರೆ ಪೂರ್ತಿ ಬಿಡದೆ ಗೇರು ಕಟಕಟನೆ ಸದ್ದು ಮಾಡುತ್ತದೆ. ವೈರಿನ ಎಳೆಗಳು ಬಿಚ್ಚಿಕೊಂಡಿದ್ದರೆ ದಾರಿಯಲ್ಲಿ ತುಂಡಾಗುವವರೆಗೆ ಕಾಯಬೇಡಿ.

ಎರಡು, ಚೈನು. ಸಡಿಲವಾದ ಚೈನು ಪ್ರತಿ ಸಲ ಆಕ್ಸಿಲರೇಟರು ಕೊಟ್ಟಾಗಲೂ ಟಕ್ಕೆಂದು ಬಿಗಿಯಾಗಿ ಧಕ್ಕೆ ಕೊಡುತ್ತದೆ. ಅನೇಕರು ಕ್ಲಚ್ಚನ್ನು ಬಯ್ಯುವಾಗ ತಪ್ಪು ಚೈನಿನದಾಗಿರುತ್ತದೆ.

ಮೂರು, ಆಯಿಲು. ನಮ್ಮ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿ ಕ್ಲಚ್ಚಿನ ಬಿಲ್ಲೆಗಳು ಎಂಜಿನ್ ಆಯಿಲಿನಲ್ಲಿಯೇ ಮುಳುಗಿ ಕೆಲಸ ಮಾಡುತ್ತವೆ. ಕಾರಿಗೆಂದು ಮಾಡಿದ ಕೆಲವು ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತುಗಳಿರುತ್ತವೆ. ಅದನ್ನು ಹಾಕಿದರೆ ಬಿಲ್ಲೆ ಹಿಡಿಯುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂ.ಎ. ಅಥವಾ ಎಂ.ಎ.2 ಎಂಬ ಗುರುತು ಇದೆಯೇ ನೋಡಿ ಕೊಳ್ಳಿ. ಎಂ.ಬಿ. ಎಂಬುದು ಗೇರಿಲ್ಲದ ಸ್ಕೂಟರುಗಳಿಗೆ.

ನಾಲ್ಕು, ಬಿಲ್ಲೆಗಳ ಸವೆತ. ಏರಿನಲ್ಲಿ ಆಕ್ಸಿಲರೇಟರು ಕೊಟ್ಟಾಗ ಎಂಜಿನ್ನು ಕೂಗುತ್ತದೆ, ಗಾಡಿ ಮಾತ್ರ ವೇಗವಾಗುವುದಿಲ್ಲ ಎಂದರೆ ಕ್ಲಚ್ ಪ್ಲೇಟು ಮುಗಿದಿದೆ. ಬೇಗ ಬದಲಿಸಿದರೆ ಒಂದೆರಡು ದಿನದ ಕೂಲಿಯ ಖರ್ಚು. ಉದಾಸೀನ ಮಾಡಿದರೆ ಉಳಿದ ಭಾಗಗಳೂ ಕೆಡುತ್ತವೆ.

ಹಿಂದಿನ ಸೀಟಿನವರಿಗೆ

ತಾಯಂದಿರಿಗೂ ಒಂದು ಮಾತು. ಎರಡೂ ಕಡೆ ಕಾಲು ಹಾಕಿ ಕೂರುವುದು ಎಲ್ಲಕ್ಕಿಂತ ಭದ್ರ. ಸೀರೆಯಲ್ಲಿ ಅದು ಆಗದಿದ್ದರೆ ಒಂದು ಕೈಯಿಂದ ಸೀಟಿನ ಹಿಂದಿನ ಕೈಹಿಡಿಯನ್ನಾದರೂ ಬಿಡದೆ ಹಿಡಿಯಿರಿ. ಚೀಲವನ್ನು ಮಡಿಲಲ್ಲಿ ಹಿಡಿಯದೆ ಗಾಡಿಗೆ ಕಟ್ಟಿಸಿ. ಕೈಹಿಡಿ, ಕಾಲುಮೆಟ್ಟು, ಸೀರೆ ಚಕ್ರಕ್ಕೆ ಸಿಗದಂತೆ ತಡೆಯುವ ಜಾಲರಿ ಇವುಗಳು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಅಂದಕ್ಕೆಂದು ಮಗ ಬಿಚ್ಚಿಸಿ ಹಾಕಿದ್ದರೆ ಮತ್ತೆ ಹಾಕಿಸಿಕೊಡು ಎಂದು ಕೇಳಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕೆಂದು ಕರ್ನಾಟಕದಲ್ಲಿ ಕಡ್ಡಾಯವಾದುದು 2016ರಲ್ಲಿ. ಪೋಲೀಸಿನವರಿಗಾಗಿ ಹಾಕಬೇಡಿ. ನಮ್ಮವ್ವನನ್ನು ನೆನೆದು ಹಾಕಿರಿ.

ಮಾವ ನನಗೆ ಕೊಟ್ಟ ಕೊನೆಯ ಪರೀಕ್ಷೆ ಹೀಗಿತ್ತು. ಅವರು ಹಿಂದಿನ ಸೀಟಿನಲ್ಲಿ ಕೈಹಿಡಿ ಹಿಡಿದು, ಕಣ್ಣು ಮುಚ್ಚಿ ಕುಳಿತರು. "ಗೇರು ಬದಲಾದ್ದು ಕಿವಿಗೆ ಕೇಳಲಿ, ಮೈಗೆ ತಿಳಿಯಬಾರದು. ತಿಳಿದಾಗಲೆಲ್ಲ ಬೆನ್ನಿಗೆ ಒಂದು ಗುದ್ದು" ಎಂದರು. ಮೊದಲ ಭಾನುವಾರ ಎಷ್ಟು ಗುದ್ದು ತಿಂದೆನೋ ಲೆಕ್ಕವಿಲ್ಲ. ಐದನೆಯ ಭಾನುವಾರ ಎರಡೇ ಬಿದ್ದವು. ಆಗ ಅವರು, "ಈಗ ಹೋಗಿ ಅಕ್ಕನ್ನ ಕರಿ" ಎಂದರು.

ಕರೆದೆ. ಅವ್ವ ಒಪ್ಪಲಿಲ್ಲ. ಆರು ತಿಂಗಳು ಒಪ್ಪಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಕಳೆದುಹೋದ ನಂಬಿಕೆಗೆ ಬೆಳೆಯಂತೆಯೇ ಅದರ ಕಾಲ ಬೇಕು. ಹೋದ ವರ್ಷದ ಪರಿಷೆಗೆ ಬಸ್ಸು ತಪ್ಪಿದಾಗ ತಾನಾಗಿಯೇ ಬಂದು ಕುಳಿತಳು, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡು. ಹಿಂದಿರುಗುವಾಗ ಒಂದು ಕೈಯಲ್ಲಿ ಮಾತ್ರ ಹಿಡಿದಿದ್ದಳು. ಮನೆಯ ಮುಂದೆ ಇಳಿದು, "ಆಗ್ಲೇ ಬಂದ್ಬುಟ್ವಾ?" ಎಂದಳು. ನನಗೆ ಅದೇ ಲೈಸೆನ್ಸು.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಇದೇ ಶಾಲೆಯ ಬಯಲಿನಲ್ಲಿ ಸೇರೋಣ. 18 ತುಂಬಿದವರು, ಹೆಲ್ಮೆಟ್ ಇದ್ದವರು ಗಾಡಿ ತನ್ನಿ. ಆಕ್ಸಿಲರೇಟರು ಮುಟ್ಟದೆ ಗಾಡಿ ಸರಿಸುವ ಅಭ್ಯಾಸವನ್ನು ಇಪ್ಪತ್ತು ಸಲ ಮಾಡಿಸುತ್ತೇನೆ. ಕೆರೆಯ ಏರಿಗೆ ಹತ್ತುವ ದಾರಿಯಲ್ಲಿ ಏರಿನ ಅಭ್ಯಾಸವನ್ನೂ ಮಾಡೋಣ. ಗುದ್ದು ಹಾಕುವ ಕೆಲಸಕ್ಕೆ ಹಿರಿಯರೊಬ್ಬರು ಬಂದರೆ ಇನ್ನೂ ಒಳ್ಳೆಯದು.